ಆಲ್ಬಮ್ಮಿನಲ್ಲಿ ಇಲ್ಲದ ಫೋಟೋಗಳು: ಮನೆಯವರ ಬಗ್ಗೆ ಡಾಕ್ಯುಮೆಂಟರಿ ಮಾಡುವವರು ಹುಡುಕುವುದೇನು?

ಒಂದು ರೆಕಾರ್ಡಿಂಗ್ ಸ್ಟುಡಿಯೋ. ವಯಸ್ಸಾದ ಒಬ್ಬರು ಮೈಕಿನ ಮುಂದೆ ಕೂತು ತಮ್ಮದೇ ಸಂಸಾರದ ಕಥೆ ಓದುತ್ತಿದ್ದಾರೆ. ಬರೆದವರೂ ಅವರೇ. ಆದರೆ 'ನಾನು' ಅಂತ ಬರೆದಿಲ್ಲ. ಬೇರೆ ಯಾರದೋ ಕಥೆ ಅನ್ನುವ ಹಾಗೆ 'ಅವನು' ಅಂತ ಬರೆದಿದ್ದಾರೆ. ಆ ಕಡೆ ಕೂತ ಮಗಳು ನಡುವೆ ತಡೆದು, ಆ ಸಾಲು ಇನ್ನೊಂದು ಸಲ ಓದಿ ಅಂತ ಕೇಳುತ್ತಾಳೆ. ಅಪ್ಪ ಮತ್ತೆ ಓದುತ್ತಾರೆ. ಅವರು ಓದುತ್ತಿರುವುದು ಏನು ಗೊತ್ತಾ? ತನ್ನ ಹೆಂಡತಿಗೆ ಬೇರೊಬ್ಬರ ಜೊತೆ ಸಂಬಂಧ ಇತ್ತು, ಎದುರಿಗೆ ಕೂತಿರುವ ಈ ಮಗಳು ಹುಟ್ಟಿದ್ದು ಆ ಸಂಬಂಧದಿಂದ ಅನ್ನುವುದನ್ನು.

ಕೆನಡಾದ ನಟಿ, ನಿರ್ದೇಶಕಿ ಸಾರಾ ಪಾಲಿ 2012ರಲ್ಲಿ ಮಾಡಿದ 'ಸ್ಟೋರೀಸ್ ವಿ ಟೆಲ್' ಚಿತ್ರದ ದೃಶ್ಯ ಇದು. ಮನೆಯವರ ಬಗ್ಗೆ, ವಂಶದ ಬಗ್ಗೆ, 'ನಾನು ಯಾರು' ಅನ್ನುವುದರ ಬಗ್ಗೆ ಮಾಡುವ ಡಾಕ್ಯುಮೆಂಟರಿಗಳನ್ನು ಅರ್ಥ ಮಾಡಿಕೊಳ್ಳಬೇಕಾದರೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಮೊದಲು ಕಥೆ ಹೇಳಿಬಿಡುತ್ತೇನೆ.

ಸಾರಾಳ ಅಮ್ಮ ಡಯಾನ್ ನಟಿ. 1990ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಆಗ ಸಾರಾಗೆ 11 ವರ್ಷ. ಅಪ್ಪ ಮೈಕಲ್ ಕೂಡ ನಟನೇ. ಮನೆಯಲ್ಲಿ ಒಂದು ಹಳೇ ತಮಾಷೆ ಇತ್ತು: ಸಾರಾಗೆ ಅಪ್ಪನ ಹೋಲಿಕೆಯೇ ಇಲ್ಲವಲ್ಲ ಅಂತ. ಅಣ್ಣ ಅಕ್ಕಂದಿರು ಊಟದ ಮೇಜಿನ ಸುತ್ತ ನಗುತ್ತಾ ಹೇಳುತ್ತಿದ್ದ ಮಾತು. 1978ರಲ್ಲಿ ಅಮ್ಮ ನಾಟಕವೊಂದಕ್ಕಾಗಿ ಮಾಂಟ್ರಿಯಲ್‌ಗೆ ಹೋಗಿದ್ದರು. 1979ರ ಆರಂಭದಲ್ಲಿ ಸಾರಾ ಹುಟ್ಟಿದಳು. ದೊಡ್ಡವಳಾದ ಮೇಲೆ ಅಮ್ಮನ ಆ ದಿನಗಳ ಬಗ್ಗೆ ತಿಳಿಯಲು ಸಾರಾ, ಹ್ಯಾರಿ ಗಲ್ಕಿನ್ ಎಂಬ ಚಿತ್ರ ನಿರ್ಮಾಪಕರನ್ನು ಭೇಟಿ ಮಾಡಿದಳು. ಮಾತಿನ ನಡುವೆ ಅವರು, ನಿನ್ನ ಅಮ್ಮನನ್ನು ನಾನು ಪ್ರೀತಿಸುತ್ತಿದ್ದೆ ಅಂದುಬಿಟ್ಟರು. ಡಿಎನ್‌ಎ ಪರೀಕ್ಷೆ ಉಳಿದದ್ದನ್ನು ಹೇಳಿತು.

ಇಷ್ಟು ಕಥೆ ಸಿಕ್ಕರೆ ಟಿವಿಯವರು ಏನು ಮಾಡುತ್ತಿದ್ದರು ಅಂತ ನಾವು ಊಹಿಸಬಹುದು. ಹಿನ್ನೆಲೆಯಲ್ಲಿ ಗದ್ಗದ ಸಂಗೀತ, ಕೊನೆಗೆ ಅಪ್ಪ ಮಗಳ ಅಪ್ಪುಗೆ. ಸಾರಾ ಅದನ್ನು ಮಾಡಲಿಲ್ಲ. ಅಣ್ಣಂದಿರು, ಅಕ್ಕಂದಿರು, ಅಮ್ಮನ ಗೆಳತಿಯರು, ಇಬ್ಬರು ಅಪ್ಪಂದಿರು, ಎಲ್ಲರನ್ನೂ ಒಬ್ಬೊಬ್ಬರಾಗಿ ಕೂರಿಸಿ, ಇಡೀ ಕಥೆಯನ್ನು ಮೊದಲಿಂದ ಹೇಳಿ ಅಂದಳು. ಒಬ್ಬರ ಕಥೆ ಇನ್ನೊಬ್ಬರದಕ್ಕೆ ಪೂರ್ತಿ ತಾಳೆಯಾಗುವುದಿಲ್ಲ. ಡಯಾನ್ ತುಂಬ ಖುಷಿಯ ಹೆಂಗಸು ಅಂತ ಒಬ್ಬರು. ಒಳಗೇ ಏನೋ ಬಚ್ಚಿಟ್ಟುಕೊಂಡಿದ್ದಳು ಅಂತ ಇನ್ನೊಬ್ಬರು. ಚಿತ್ರ ಆ ಗಂಟನ್ನು ಬಿಡಿಸಲು ಹೋಗುವುದಿಲ್ಲ. ಆ ಗಂಟೇ ಚಿತ್ರ.

ನಮ್ಮಲ್ಲಿ ಡಾಕ್ಯುಮೆಂಟರಿ ಅಂದರೆ ಹಿಂದಿನ ತಲೆಮಾರಿನವರಿಗೆ ನೆನಪಾಗುವುದು ಟಾಕೀಸಿನಲ್ಲಿ ಪಿಕ್ಚರ್ ಶುರುವಾಗುವ ಮುಂಚೆ ಬರುತ್ತಿದ್ದ ಫಿಲಂಸ್ ಡಿವಿಷನ್ ರೀಲುಗಳು. 1948ರಲ್ಲಿ ಶುರುವಾದ ಸಂಸ್ಥೆ ಅದು. ಅಣೆಕಟ್ಟು, ಬರ, ಕುಟುಂಬ ಯೋಜನೆ, ದೊಡ್ಡವರ ಜೀವನ. ಮುಖ ಕಾಣದ ಒಂದು ಗಡಸು ದನಿ ಎಲ್ಲವನ್ನೂ ಹೇಳಿಬಿಡುತ್ತಿತ್ತು. ವ್ಯಕ್ತಿಗಳ ಬಗ್ಗೆ ಒಳ್ಳೆಯ ಚಿತ್ರಗಳೂ ಬಂದವು. ಗಿರೀಶ ಕಾರ್ನಾಡರು 1972ರಲ್ಲಿ ಬೇಂದ್ರೆಯವರ ಬಗ್ಗೆ ಡಾಕ್ಯುಮೆಂಟರಿ ಮಾಡಿದರು. ಆದರೆ ಅದು ಒಬ್ಬ ಕವಿಯನ್ನು ಹೊರಗಿನಿಂದ ನೋಡಿದ ಕೆಲಸ. ತನ್ನ ಮನೆಯ ಕಡೆಗೇ ಕ್ಯಾಮೆರಾ ತಿರುಗಿಸುವುದು ಬೇರೆಯೇ ವ್ಯವಹಾರ. ಇಲ್ಲಿ ನಿರ್ದೇಶಕ ಬರೀ ನೋಡುವವನಲ್ಲ. ಅವನು ಮಗ, ಅವಳು ಮಗಳು. ಅವರು ಕೇಳುವ ಪ್ರಶ್ನೆಗೆ ಸಿಗುವ ಉತ್ತರ ಬೇರೆಯವರಿಗೆ ಸಿಗುವುದಿಲ್ಲ. ಬೇರೆಯವರಿಗೆ ಸಿಗುವ ಎಷ್ಟೋ ಉತ್ತರ ಇವರಿಗೆ ಸಿಗುವುದಿಲ್ಲ ಅನ್ನುವುದೂ ನಿಜ.

ಇಂಥ ಚಿತ್ರಗಳಿಗೆ ದಾರಿ ಮಾಡಿಕೊಟ್ಟದ್ದು ಸಲಕರಣೆ. 1960ರ ಹೊತ್ತಿಗೆ ಹೆಗಲ ಮೇಲೆ ಹೊರಬಹುದಾದ 16 ಎಂಎಂ ಕ್ಯಾಮೆರಾ, ಜೊತೆಗೆ ಒಯ್ಯಬಹುದಾದ ಸೌಂಡ್ ರೆಕಾರ್ಡರ್ ಬಂದವು. 1965ರಲ್ಲಿ ಕೊಡಾಕ್ ಕಂಪನಿ ಸೂಪರ್ 8 ಫಿಲಂ ತಂದಿತು. ಅಡುಗೆಮನೆಗೂ ಕ್ಯಾಮೆರಾ ಹೋಗುವ ಹಾಗಾಯಿತು. ಲಿಥುವೇನಿಯಾದಿಂದ ಯುದ್ಧಕಾಲದಲ್ಲಿ ಓಡಿಬಂದ ಯೋನಾಸ್ ಮೇಕಾಸ್ 1949ರಲ್ಲಿ ನ್ಯೂಯಾರ್ಕಿಗೆ ಬಂದಿಳಿದರು. ಸ್ವಲ್ಪ ದಿನಕ್ಕೇ ಒಂದು ಬೋಲೆಕ್ಸ್ ಕ್ಯಾಮೆರಾ ಕೊಂಡು ದಿನಚರಿ ಬರೆದ ಹಾಗೆ ಶೂಟ್ ಮಾಡುತ್ತಾ ಹೋದರು. ಕಾಲು ಶತಮಾನದ ಮೇಲೆ ಹುಟ್ಟೂರಿಗೆ, ಅಮ್ಮನ ಹತ್ತಿರ ಹೋದದ್ದನ್ನು ಹಿಡಿದ ಅವರ ಚಿತ್ರ 1972ರಲ್ಲಿ ಬಂತು. 1974ರಲ್ಲಿ, ಇಟಲಿಯಿಂದ ವಲಸೆ ಬಂದ ಕುಟುಂಬದ ಹಾಲಿವುಡ್ ನಿರ್ದೇಶಕ ಮಾರ್ಟಿನ್ ಸ್ಕಾರ್ಸೀಸಿ ನ್ಯೂಯಾರ್ಕಿನ ಫ್ಲ್ಯಾಟಿನಲ್ಲಿ ಅಪ್ಪ ಅಮ್ಮನನ್ನು ಮಾತಾಡಿಸಿ 'ಇಟಾಲಿಯನ್ ಅಮೆರಿಕನ್' ಮಾಡಿದರು. ಅಮ್ಮ ಕ್ಯಾಥರೀನ್ ಮಾತಿನ ನಡುನಡುವೆ ಎದ್ದುಹೋಗಿ ಒಲೆಯ ಮೇಲಿನ ಸಾಸ್ ನೋಡಿಕೊಂಡು ಬರುತ್ತಾರೆ. ಆ ಸಾಸ್ ಮಾಡುವ ಬಗೆಯನ್ನು ಚಿತ್ರದ ಕೊನೆಯಲ್ಲಿ, ಹೆಸರುಗಳ ಜೊತೆಗೇ ತೆರೆ ಮೇಲೆ ಹಾಕಿದ್ದಾರೆ. ವಲಸೆ ಬಂದವರ ಇತಿಹಾಸ ಅಂದರೆ ಹಡಗು, ತಾರೀಖು ಮಾತ್ರ ಅಲ್ಲ, ಅಡುಗೆಯೂ ಹೌದು ಅನ್ನುವುದನ್ನು ಭಾಷಣವಿಲ್ಲದೆ ತೋರಿಸಿಬಿಟ್ಟರು.

ಈಗ ವಿಷಯದ ಗಟ್ಟಿ ಭಾಗಕ್ಕೆ ಬರೋಣ. ಮನೆಯ ಕಥೆ ಹೇಳಹೊರಟ ಯಾರಿಗೇ ಆದರೂ ಮೊದಲು ಎದುರಾಗುವ ತೊಂದರೆ ಒಂದೇ: ಬೇಕಾದ ಚಿತ್ರ ಇರುವುದೇ ಇಲ್ಲ. ಆಲ್ಬಮ್ ತೆಗೆದು ನೋಡಿ. ಮದುವೆ ಇದೆ, ನಾಮಕರಣ ಇದೆ, ಧರ್ಮಸ್ಥಳದ ಪ್ರವಾಸ ಇದೆ. ಆಸ್ತಿ ಪಾಲಾದ ದಿನ ಇಲ್ಲ. ಚಿಕ್ಕಪ್ಪ ಮನೆ ಬಿಟ್ಟು ಹೋದ ರಾತ್ರಿ ಇಲ್ಲ. ಅತ್ತೆ ಮಾತು ನಿಲ್ಲಿಸಿದ ವರ್ಷ ಇಲ್ಲ. ಕ್ಯಾಮೆರಾ ಬಂದದ್ದೇ ಖುಷಿಯ ದಿನಗಳಲ್ಲಿ. ಹಾಗಾಗಿ ಕುಟುಂಬದ ಆಲ್ಬಮ್ ಸುಳ್ಳು ಹೇಳುವುದಿಲ್ಲವಾದರೂ ಬಹಳಷ್ಟನ್ನು ಬಿಟ್ಟುಬಿಡುತ್ತದೆ. ಈ ಬಿಟ್ಟುಹೋದ ಜಾಗವನ್ನು ನಿರ್ದೇಶಕರು ಏನು ಮಾಡುತ್ತಾರೆ ಅನ್ನುವುದರಲ್ಲೇ ಇಂಥ ಚಿತ್ರದ ಪ್ರಾಮಾಣಿಕತೆ ಇದೆ ಅಂತ ನನ್ನ ನಂಬಿಕೆ.

ರಿಯಾ ತಜಿರಿ ಅನ್ನುವ ಅಮೆರಿಕನ್ ನಿರ್ದೇಶಕಿಯ ಕೆಲಸ ನೋಡಿ. 1991ರಲ್ಲಿ ಬಂದ, ಬರೀ ಅರ್ಧ ಗಂಟೆಯ 'ಹಿಸ್ಟರಿ ಅಂಡ್ ಮೆಮೊರಿ'. ಎರಡನೇ ಮಹಾಯುದ್ಧದಲ್ಲಿ ಜಪಾನ್ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿದ ಮೇಲೆ, 1942ರ ಫೆಬ್ರವರಿಯಲ್ಲಿ ಅಧ್ಯಕ್ಷರ ಒಂದು ಆದೇಶ ಹೊರಟಿತು. ಅದರಿಂದಾಗಿ ಸುಮಾರು 1,20,000 ಜಪಾನಿ ಮೂಲದ ಜನರನ್ನು ಮನೆಗಳಿಂದ ಎಬ್ಬಿಸಿ ಶಿಬಿರಗಳಿಗೆ ಸಾಗಿಸಿದರು. ಅವರಲ್ಲಿ ಹೆಚ್ಚಿನವರು ಅಮೆರಿಕದಲ್ಲೇ ಹುಟ್ಟಿದ ಅಮೆರಿಕದ ಪ್ರಜೆಗಳು. ತಜಿರಿಯ ಅಮ್ಮನ ಮನೆಯವರನ್ನು ಅರಿಜೋನಾದ ಮರಳುಗಾಡಿನ ಪೋಸ್ಟನ್ ಶಿಬಿರಕ್ಕೆ ಕಳಿಸಿದರು. ಅಪ್ಪ ಆಗ ಅಮೆರಿಕದ ಸೈನ್ಯದಲ್ಲೇ ಇದ್ದರು. ಅದೇ ಹೊತ್ತಿಗೆ ಅವರ ಮನೆಯನ್ನೇ ಯಾರೋ ಬುಡಸಮೇತ ಎತ್ತಿಕೊಂಡು ಹೋಗಿದ್ದರು.

ಈ ಜನರ ಹತ್ತಿರ ಇದ್ದ ಕ್ಯಾಮೆರಾಗಳನ್ನೂ ಸರ್ಕಾರ ಕಿತ್ತುಕೊಂಡಿತ್ತು. ಅಂದರೆ ಬದುಕಿನ ಅತಿ ದೊಡ್ಡ ಘಟನೆಯ ಫೋಟೋ ಆ ಮನೆಗಳಲ್ಲಿ ಇರಲು ಸಾಧ್ಯವೇ ಇರಲಿಲ್ಲ. ಇನ್ನು ಅಮ್ಮನ ನೆನಪು? ತಜಿರಿಯ ಅಮ್ಮ ಶಿಬಿರದ ದಿನಗಳನ್ನು ಹೆಚ್ಚುಕಡಿಮೆ ಪೂರ್ತಿ ಮರೆತಿದ್ದರು. ಸುಮ್ನೆ ಮರೆವಲ್ಲ ಅದು. ನೆನಪಿಟ್ಟುಕೊಂಡರೆ ಬದುಕುವುದು ಕಷ್ಟ ಅಂತ ಮನಸ್ಸೇ ಅಳಿಸಿದ್ದು.

ಮಗಳ ಹತ್ತಿರ ಇದ್ದದ್ದು ಎರಡು ಚೂರು. ಒಂದು, ಅಜ್ಜಿ ಶಿಬಿರದಲ್ಲಿ ಕೆತ್ತಿದ್ದ ಪುಟ್ಟ ಮರದ ಹಕ್ಕಿ. ಅದು ಎಲ್ಲಿಂದ ಬಂತು ಅಂತ ಮನೆಯಲ್ಲಿ ಯಾರೂ ಸರಿಯಾಗಿ ಹೇಳುತ್ತಿರಲಿಲ್ಲ. ಆಮೇಲೆ ರಾಷ್ಟ್ರೀಯ ದಾಖಲೆ ಸಂಗ್ರಹದಲ್ಲಿ ಹಳೇ ಫೋಟೋಗಳನ್ನು ತಿರುವಿಹಾಕುವಾಗ ತಜಿರಿಗೆ ಶಿಬಿರದ ಹಕ್ಕಿ ಕೆತ್ತನೆ ತರಗತಿಯ ಚಿತ್ರ ಸಿಕ್ಕಿತು. ಅದರಲ್ಲಿ ಅಜ್ಜಿ ಕೂತಿದ್ದಾರೆ. ಮನೆಯವರಿಂದ ಕ್ಯಾಮೆರಾ ಕಿತ್ತುಕೊಂಡ ಸರ್ಕಾರದ ಕಪಾಟಿನಲ್ಲೇ ಅಜ್ಜಿಯ ಫೋಟೋ!

ಎರಡನೆಯದು, ಎಲ್ಲಿಂದ ಬಂತು ಅಂತ ಗೊತ್ತಿಲ್ಲದೆ ತಜಿರಿಯ ತಲೆಯಲ್ಲಿ ಉಳಿದುಬಿಟ್ಟಿದ್ದ ಒಂದು ಚಿತ್ರ. ಬಿಸಿಲಿನ ಬೋಳು ನೆಲ. ಯುವತಿಯೊಬ್ಬಳು ನಲ್ಲಿಯಿಂದ ನೀರು ತುಂಬಿಸಿಕೊಳ್ಳುತ್ತಿದ್ದಾಳೆ, ಮುಖಕ್ಕೆ ಚಿಮುಕಿಸಿಕೊಳ್ಳುತ್ತಾಳೆ. ಅದು ಅಮ್ಮ. ಅಮ್ಮ ಯಾವಾಗಲೋ ಹೇಳಿರಬೇಕು. ತಜಿರಿ ಆ ದೃಶ್ಯವನ್ನು ತಾನೇ ಅಮ್ಮನ ಪಾತ್ರ ಮಾಡಿ ಶೂಟ್ ಮಾಡಿದಳು. ಇಲ್ಲದ ಫೋಟೋವನ್ನು ಅಮ್ಮನಿಗಾಗಿ ತಾನೇ ತೆಗೆದುಕೊಟ್ಟಳು. ಇದು ನಡೆದದ್ದರ ರೆಕಾರ್ಡ್ ಅಂತ ಅವಳು ಎಲ್ಲೂ ನಂಬಿಸಲು ಹೋಗುವುದಿಲ್ಲ. ಇದು ನನ್ನ ತಲೆಯಲ್ಲಿದ್ದ ಚಿತ್ರ, ಅಮ್ಮನಿಗಾಗಿ ಮಾಡಿದೆ ಅಂತ ತೆರೆದೇ ಹೇಳುತ್ತಾಳೆ.

ಸಾರಾ ಪಾಲಿ ಅದೇ ತೊಂದರೆಗೆ ಬೇರೆ ದಾರಿ ಹಿಡಿದಳು. ಅವಳ ಚಿತ್ರದ ತುಂಬ ಸೂಪರ್ 8ರಲ್ಲಿ ತೆಗೆದ ಹಳೇ ಮನೆಯ ದೃಶ್ಯಗಳಿವೆ. ಬಣ್ಣ ಮಾಸಿದೆ, ಚಿತ್ರ ಅಲುಗುತ್ತದೆ. ಅಮ್ಮ ಪಾರ್ಟಿಯಲ್ಲಿ ನಗುತ್ತಾರೆ, ಮಾಂಟ್ರಿಯಲ್‌ನಲ್ಲಿ ಓಡಾಡುತ್ತಾರೆ. ನೋಡುವವರು ಇವೆಲ್ಲ ಆ ಕಾಲದಲ್ಲಿ ತೆಗೆದದ್ದು ಅಂತಲೇ ನಂಬುತ್ತಾರೆ. ಚಿತ್ರ ಮುಗಿಯುವ ಹೊತ್ತಿಗೆ ಸಾರಾ ಕೈಯಲ್ಲಿ ಕ್ಯಾಮೆರಾ ಹಿಡಿದು, ಅಮ್ಮನ ವೇಷದ ನಟಿಗೆ ಸೂಚನೆ ಕೊಡುವುದು ಕಾಣುತ್ತದೆ. ನಿಜವಾದ ಹಳೇ ರೀಲುಗಳ ಜೊತೆಗೆ ಹೊಸದಾಗಿ ಶೂಟ್ ಮಾಡಿದ್ದನ್ನೂ ಬೆರೆಸಿದ್ದಾಳೆ.

ಇದು ಮೋಸ ಅಲ್ವಾ ಅಂತ ಕೇಳುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಒಂದು ಕಾರಣ, ಅವಳು ಗುಟ್ಟನ್ನು ಕೊನೆಗೆ ತಾನೇ ಬಿಚ್ಚಿಡುತ್ತಾಳೆ. ಇನ್ನೊಂದು, ನಾವು ಯಾಕೆ ನಂಬಿದೆವು ಅನ್ನುವ ಪ್ರಶ್ನೆಯನ್ನು ನಮ್ಮ ಮೇಲೇ ತಿರುಗಿಸುತ್ತಾಳೆ. ಮಾಸಿದ ಬಣ್ಣ ಕಂಡ ಕೂಡಲೇ ಇದು ಸತ್ಯ ಅಂದುಕೊಂಡೆವು. ಅಜ್ಜ ಹೇಳಿದ್ದು ಅಂದ ಕೂಡಲೇ ಮನೆಯ ಕಥೆಯನ್ನು ನಂಬುವುದೂ ಹೀಗೇ. ಆದರೆ ಗುಟ್ಟು ಬಿಡದೇ ಹೋಗಿದ್ದರೆ? ಆಗ ಅದು ಖಂಡಿತ ಮೋಸ. ಇವತ್ತು ಎಐ ಉಪಯೋಗಿಸಿ ಅಜ್ಜಿಯ ಹಳೇ ಫೋಟೋ ನಗುವ ಹಾಗೆ, ಕಣ್ಣು ಮಿಟುಕಿಸುವ ಹಾಗೆ ಮಾಡುವುದು ಮಕ್ಕಳಾಟವಾಗಿರುವಾಗ ಈ ಗೆರೆ ಇನ್ನೂ ಮುಖ್ಯ. ಚಿತ್ರ ಹುಟ್ಟಿಸುವುದು ತಪ್ಪಲ್ಲ. ಹುಟ್ಟಿಸಿದ್ದನ್ನು ಸಿಕ್ಕಿದ್ದು ಅಂತ ಹೇಳುವುದು ತಪ್ಪು.

ಚಿತ್ರ ಇಲ್ಲದಿರುವ ಕಷ್ಟ ಹೀಗಾದರೆ, ಜಾಸ್ತಿ ಇರುವ ಕಷ್ಟವೂ ಇದೆ. ಅಮೆರಿಕದ ಜೊನಾಥನ್ ಕೌಎಟ್ ಚಿಕ್ಕ ಹುಡುಗನಾಗಿದ್ದಾಗಿನಿಂದ ತನ್ನನ್ನೂ ಮನೆಯವರನ್ನೂ ಶೂಟ್ ಮಾಡುತ್ತಾ ಬಂದವನು. ಅವನ ಅಮ್ಮನಿಗೆ ಎಳೆಯ ವಯಸ್ಸಿನಲ್ಲೇ ಕರೆಂಟ್ ಶಾಕ್ ಚಿಕಿತ್ಸೆ ಕೊಟ್ಟಿದ್ದರು. ಆಮೇಲೆ ಅವರ ಬದುಕೆಲ್ಲ ಆಸ್ಪತ್ರೆ, ಮನೆ, ಮತ್ತೆ ಆಸ್ಪತ್ರೆ. 2003ರ 'ಟಾರ್ನೇಷನ್' ಚಿತ್ರವನ್ನು ಅವನು ಮನೆಯ ಕಂಪ್ಯೂಟರಿನ ಐಮೂವಿ ಸಾಫ್ಟ್‌ವೇರಿನಲ್ಲೇ ಕತ್ತರಿಸಿ ಜೋಡಿಸಿದ. ಮೊದಲ ಖರ್ಚು 218 ಡಾಲರ್ ಅಂತ ಆಗ ಭಾರೀ ಸುದ್ದಿಯಾಗಿತ್ತು. ಥಿಯೇಟರಿಗೆ ಬರುವ ಹೊತ್ತಿಗೆ ಹಾಡುಗಳ ಹಕ್ಕು ಇತ್ಯಾದಿಗೆ ಅದರ ಎಷ್ಟೋ ಪಟ್ಟು ಆಯಿತು ಅನ್ನಿ.

ಆ ಚಿತ್ರದಲ್ಲಿ ಒಂದು ದೃಶ್ಯ ಇದೆ. ಔಷಧಿ ಮಿತಿ ಮೀರಿ ಸೇವಿಸಿ ಸಾವಿನಂಚಿಗೆ ಹೋಗಿ ಬಂದ ಅಮ್ಮ, ಕೈಯಲ್ಲಿ ಪುಟ್ಟ ಕುಂಬಳಕಾಯಿ ಹಿಡಿದುಕೊಂಡು ಹಾಡುತ್ತಾರೆ, ಕುಣಿಯುತ್ತಾರೆ, ನಗುತ್ತಾರೆ. ಕ್ಯಾಮೆರಾ ಕತ್ತರಿಸುವುದೇ ಇಲ್ಲ. ನಿಮಿಷಗಟ್ಟಲೆ ನೋಡುತ್ತಲೇ ಇರುತ್ತದೆ. ಮಗ ಹೀಗೆ ನೋಡಿದ್ದು ಪ್ರೀತಿಯಿಂದಲೇ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಆದರೂ, ಈ ಸ್ಥಿತಿಯಲ್ಲಿರುವ ಅಮ್ಮ ಇದನ್ನು ಊರಿಗೆಲ್ಲ ತೋರಿಸು ಅಂತ ಒಪ್ಪಿರಲು ಸಾಧ್ಯವಿತ್ತೇ? ಈ ಪ್ರಶ್ನೆಗೆ ಚಿತ್ರದಲ್ಲಿ ಉತ್ತರ ಇಲ್ಲ. ನೋಡುವಾಗ ಮೈ ಮುದುಡುತ್ತದೆ.

ಒಪ್ಪಿಗೆ ಅನ್ನುವುದು ಇಲ್ಲಿ ಸಹಿ ಹಾಕಿಸಿಕೊಳ್ಳುವ ಫಾರಂ ಅಲ್ಲ. ಮಗ ಕೇಳಿದರೆ ತಾಯಿ ಇಲ್ಲ ಅನ್ನುತ್ತಾಳೆಯೇ? ಮರೆವಿನ ಕಾಯಿಲೆ ಇರುವ ಅಜ್ಜ ಇವತ್ತು ಹೂಂ ಅಂದದ್ದು ನಾಳೆಗೂ ಹೂಂ ಆಗುತ್ತದೆಯೇ? ಇನ್ನು ತೀರಿಕೊಂಡವರು. ಡಯಾನ್ ಬದುಕಿದ್ದರೆ ಈ ಚಿತ್ರಕ್ಕೆ ಏನನ್ನುತ್ತಿದ್ದರು? ಹ್ಯಾರಿ ಗಲ್ಕಿನ್ ಸಾರಾಳ ಎದುರಿಗೇ, ಕ್ಯಾಮೆರಾ ಮುಂದೆಯೇ, ಅವಳ ಪದ್ಧತಿಯನ್ನು ಒಪ್ಪುವುದಿಲ್ಲ. ಆ ಪ್ರೀತಿಯ ಕಥೆ ಪ್ರೀತಿಸಿದ ಇಬ್ಬರಿಗೆ ಸೇರಿದ್ದು, ಅವಳಿಲ್ಲ ಅಂದಮೇಲೆ ಹೇಳಬೇಕಾದವನು ನಾನೊಬ್ಬನೇ, ಅಕ್ಕಪಕ್ಕದಲ್ಲಿ ನಿಂತು ನೋಡಿದವರ ಮಾತಿಗೆಲ್ಲ ಅದೇ ತೂಕ ಕೊಡುವುದು ಸರಿಯಲ್ಲ ಅನ್ನುವುದು ಅವರ ವಾದ. ಸಾರಾ ತನ್ನ ವಿರುದ್ಧದ ಈ ವಾದವನ್ನು ಚಿತ್ರದಲ್ಲೇ ಉಳಿಸಿಕೊಂಡಿದ್ದಾಳೆ. ನನಗೆ ಅವಳ ಮೇಲೆ ಗೌರವ ಹೆಚ್ಚಿದ್ದು ಅಲ್ಲಿ. ಮೈಕಲ್‌ಗೆ ತಾನೇ ಬರೆದದ್ದನ್ನು ತಾನೇ ಓದುವ ಜಾಗ ಕೊಟ್ಟದ್ದೂ ಅದೇ ತೂಕದ ಕೆಲಸ. ಹೆಂಡತಿಯಿಂದ ಮೋಸ ಹೋದ ಗಂಡ ಅಂತ ಬೇರೆಯವರು ಅವರನ್ನು ಬಣ್ಣಿಸುವ ಮುಂಚೆ, ಅವರ ಕಥೆ ಅವರ ದನಿಯಲ್ಲೇ ಬಂತು.

ಮನೆಯವರು ಒಪ್ಪದೇ ಇದ್ದರೆ? ಅಮೆರಿಕದ ನಿರ್ದೇಶಕ ಅಲನ್ ಬರ್ಲಿನರ್ 1996ರಲ್ಲಿ ತನ್ನ ಅಪ್ಪ ಆಸ್ಕರ್ ಬಗ್ಗೆ ಮಾಡಿದ 'ನೋಬಡೀಸ್ ಬಿಸಿನೆಸ್' ಪೂರ್ತಿ ಜಗಳವೇ. ನನ್ನ ಬದುಕಿನಲ್ಲಿ ಏನಿದೆ ಮಣ್ಣು, ಯಾರು ನೋಡುತ್ತಾರೆ ಇದನ್ನ ಅನ್ನುವ ಧಾಟಿ ಅಪ್ಪನದು. ಮಗ ಬಿಡುವುದಿಲ್ಲ. ಇಬ್ಬರ ವಾಗ್ವಾದದ ನಡುವೆ ಹಳೇ ಬಾಕ್ಸಿಂಗ್ ಪಂದ್ಯದ ತುಣುಕುಗಳು ಬರುತ್ತವೆ. ಮಗ ಸಾಲ್ಟ್ ಲೇಕ್ ಸಿಟಿಯ ವಂಶಾವಳಿ ಗ್ರಂಥಾಲಯದ ತನಕ ಹೋಗಿ ಪೂರ್ವಜರ ಹೆಸರು ಹುಡುಕಿ ತಂದರೂ ಅಪ್ಪನಿಗೆ ಅದರಲ್ಲಿ ಆಸಕ್ತಿಯೇ ಇಲ್ಲ. ಬೇಡ ಅನ್ನುವ ಅಪ್ಪನ ಹಟವೇ ಚಿತ್ರದ ಜೀವ. ಅದರಿಂದಲೇ ಆ ಮನುಷ್ಯ ನಮಗೆ ಅರ್ಥವಾಗುವುದು.

ಹೆಸರುಗಳ ಪಟ್ಟಿಗೂ ಕಥೆಗೂ ಇರುವ ವ್ಯತ್ಯಾಸ ನಮಗೆ ಹೊಸದಲ್ಲ. ಉತ್ತರ ಕರ್ನಾಟಕದ ಮನೆಗಳಿಗೆ ಹೆಳವರು ಬರುತ್ತಾರೆ. ಹಿಂದೆಲ್ಲ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತಾ ಬರುತ್ತಿದ್ದರು. ಮನೆಯ ಮೂಲಪುರುಷನಿಂದ ಹಿಡಿದು ತಲೆಮಾರುಗಳನ್ನು ಒಪ್ಪಿಸುತ್ತಾರೆ, ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಳ್ಳುತ್ತಾರೆ, ದವಸ ಧಾನ್ಯ ಪಡೆದು ಹೋಗುತ್ತಾರೆ. ದೊಡ್ಡ ವಿದ್ಯೆ ಅದು. ಆದರೆ ವಂಶಾವಳಿ ಹೆಚ್ಚಾಗಿ ಗಂಡಸರ ಎಳೆ ಹಿಡಿದು ಸಾಗುತ್ತದೆ. ಮನೆಯ ಡಾಕ್ಯುಮೆಂಟರಿಗಳನ್ನು ನೋಡುತ್ತಾ ಹೋದರೆ ಎಷ್ಟೊಂದರ ನಡುವೆ ಅಮ್ಮ, ಅಜ್ಜಿ ಇದ್ದಾರೆ! ಪಟ್ಟಿಯಲ್ಲಿ ಜಾಗ ಸಿಗದವರ ಕಥೆಯೇ ತೆರೆಗೆ ಬಂದಿದೆ.

ಭಾರತದಲ್ಲಿ ಈ ಬಗೆಯ ಚಿತ್ರಗಳಿಗೆ ಹೆಚ್ಚಾಗಿ ಚರಿತ್ರೆಯ ಗಾಯವೇ ಬಾಗಿಲು. ಸುಪ್ರಿಯೊ ಸೇನ್ 'ವೇ ಬ್ಯಾಕ್ ಹೋಮ್' ಚಿತ್ರದಲ್ಲಿ, ದೇಶ ಒಡೆದಾಗ ಬಿಟ್ಟುಬಂದ ಬಾಂಗ್ಲಾದೇಶದ ಊರಿಗೆ ಅಪ್ಪ ಅಮ್ಮನನ್ನು ಅರ್ಧ ಶತಮಾನದ ಮೇಲೆ ಕರೆದುಕೊಂಡು ಹೋದರು. ಸಫೀನಾ ಉಬೆರಾಯ್ 2001ರ 'ಮೈ ಮದರ್ ಇಂಡಿಯಾ'ದಲ್ಲಿ ತನ್ನ ಆಸ್ಟ್ರೇಲಿಯನ್ ಅಮ್ಮ, ಸಿಖ್ ಅಪ್ಪ, ದೆಹಲಿಯ ಬಾಲ್ಯ ಅಂತ ನಗುನಗುತ್ತಾ ಶುರು ಮಾಡಿ 1984ರ ಸಿಖ್ ಹತ್ಯಾಕಾಂಡಕ್ಕೆ ಬಂದು ನಿಲ್ಲುತ್ತಾರೆ. ಅದಾದ ಮೇಲೆ ಅಮ್ಮ ಭಾರತದ ಪೌರತ್ವ ತೆಗೆದುಕೊಂಡರು. ಜನ ಹೆದರಿ ಓಡಿಹೋಗುವ ಹೊತ್ತಿನಲ್ಲಿ ಈ ಹೆಂಗಸು ಇಲ್ಲಿನವಳಾದಳು. ದಶಕಗಳ ಕಾಲ ರಾಜಕೀಯ ಡಾಕ್ಯುಮೆಂಟರಿ ಮಾಡಿದ ಆನಂದ್ ಪಟವರ್ಧನ್ 2023ರಲ್ಲಿ 'ವಸುಧೈವ ಕುಟುಂಬಕಂ' ತಂದರು. ವಯಸ್ಸಾಗುತ್ತಿದ್ದ ಅಪ್ಪ ಅಮ್ಮನನ್ನು ಸುಮ್ನೆ ಮನೆಯಲ್ಲಿ ಶೂಟ್ ಮಾಡಿಟ್ಟಿದ್ದ ತುಣುಕುಗಳೇ ಅದಕ್ಕೆ ಆಧಾರ. ಅಮ್ಮ ನಿರ್ಮಲಾ ಮಡಕೆ ಕಲಾವಿದೆ. ದೊಡ್ಡಪ್ಪಂದಿರು ಸ್ವಾತಂತ್ರ್ಯ ಹೋರಾಟಗಾರರಾದ ಅಚ್ಯುತ ಮತ್ತು ರಾವ್ ಪಟವರ್ಧನ್. ಊಟದ ಮೇಜಿನ ಹರಟೆಯಲ್ಲೇ ದೇಶದ ಕಥೆ ಬಿಚ್ಚಿಕೊಳ್ಳುತ್ತದೆ.

ಇದನ್ನೆಲ್ಲ ಓದಿ ನಮ್ಮ ಮನೆಯ ಹಿರಿಯರನ್ನೂ ರೆಕಾರ್ಡ್ ಮಾಡಬೇಕು ಅನ್ನಿಸಿದರೆ ತಡ ಮಾಡಬೇಡಿ. ಫೋನ್ ಸಾಕು. ಆದರೆ ದನಿ ಚೆನ್ನಾಗಿರಬೇಕು. ಚಿತ್ರ ಸ್ವಲ್ಪ ಮಬ್ಬಾದರೂ ಜನ ನೋಡುತ್ತಾರೆ, ಮಾತು ಕೇಳಿಸದಿದ್ದರೆ ನೋಡುವುದಿಲ್ಲ. ಫ್ಯಾನ್ ಆರಿಸಿ, ಟಿವಿ ಆರಿಸಿ, ಕುಕ್ಕರ್ ಕೂಗಿ ಮುಗಿಯಲಿ. ಕಾಲರ್ ಮೈಕ್ ಸಿಕ್ಕರೆ ಇನ್ನೂ ಒಳ್ಳೆಯದು. 'ಅಜ್ಜಿ, ನಿಮ್ಮ ಜೀವನದ ಬಗ್ಗೆ ಹೇಳಿ' ಅಂತ ಶುರು ಮಾಡಿದರೆ ಅಜ್ಜಿ, 'ನಂದೇನಿದೆ ಹೇಳೋಕೆ, ಹೋಗು' ಅನ್ನುತ್ತಾರೆ. ಅದರ ಬದಲು ಒಂದು ವಸ್ತು ಮುಂದಿಡಿ. ಹಳೇ ಟ್ರಂಕು, ಒರಳುಕಲ್ಲು, ತವರಿನಿಂದ ತಂದ ಕೊಳದಪ್ಪಲೆ. ವಸ್ತು ಮಾತು ಹೊರಡಿಸುತ್ತದೆ. ಒಂದೇ ಘಟನೆಯನ್ನು ಅಣ್ಣನ ಹತ್ತಿರ ಒಂದು ಸಲ, ತಂಗಿಯ ಹತ್ತಿರ ಒಂದು ಸಲ, ಬೇರೆ ಬೇರೆಯಾಗಿ ಕೇಳಿ. ಯಾವುದು ಸರಿ ಅಂತ ತೀರ್ಪು ಕೊಡಲು ಹೋಗಬೇಡಿ, ಎರಡನ್ನೂ ಇಟ್ಟುಕೊಳ್ಳಿ. ಉತ್ತರ ಮುಗಿದ ಹಾಗೆ ಕಂಡಾಗ ಇನ್ನೂ ಸ್ವಲ್ಪ ಹೊತ್ತು ಸುಮ್ಮನಿರಿ, ಎಷ್ಟೋ ಸಲ ನಿಜವಾದ ಮಾತು ಬರುವುದು ಆಮೇಲೆ. ಯಾರಿಗಾದರೂ ತೋರಿಸುವ ಮುಂಚೆ ಮಾತಾಡಿದವರಿಗೆ ತೋರಿಸಿ. ಇದು ಬೇಡ ಅಂದ ಭಾಗವನ್ನು ತೆಗೆಯಿರಿ. ವಾಟ್ಸಾಪಿನ ಫ್ಯಾಮಿಲಿ ಗ್ರೂಪಿಗೆ ಹಾಕುವುದಾದರೂ ಈ ನಿಯಮ ಇರಲಿ.

ಅಟ್ಟದ ಮೇಲೆ ಮದುವೆಯ ವಿಎಚ್‌ಎಸ್ ಕ್ಯಾಸೆಟ್ಟುಗಳಿದ್ದರೆ ಅವುಗಳ ಕಡೆಗೆ ಈಗಲೇ ಗಮನ ಕೊಡಿ. ನಮ್ಮಲ್ಲಿ 1980ಕ್ಕಿಂತ ಹಿಂದಿನ ಮನೆಯ ಚಲಿಸುವ ಚಿತ್ರ ಇರುವುದೇ ಅಪರೂಪ. ಎಷ್ಟೋ ಮನೆಗಳಿಗೆ ಅಜ್ಜ ನಡೆದಾಡಿದ್ದು, ಅಜ್ಜಿ ನಕ್ಕದ್ದು ಉಳಿದಿರುವುದು ಆ ಕ್ಯಾಸೆಟ್ಟಿನಲ್ಲಿ ಮಾತ್ರ. ಆ ಕ್ಯಾಸೆಟ್ ಹಾಕಿ ನೋಡುವ ಮಷೀನು, ಅಂದರೆ ವಿಸಿಆರ್, ತಯಾರಿಸುತ್ತಿದ್ದ ಕೊನೆಯ ಕಂಪನಿಯಾದ ಜಪಾನಿನ ಫುನಾಯ್ 2016ರ ಜುಲೈನಲ್ಲಿ ಅದನ್ನು ನಿಲ್ಲಿಸಿತು. ಟೇಪಿನ ಕಾಂತೀಯ ಲೇಪನವೂ ವರ್ಷ ಕಳೆದಂತೆ ಕೆಡುತ್ತದೆ. ಮಲೆನಾಡು, ಕರಾವಳಿಯ ತೇವಕ್ಕೆ ಬೂಷ್ಟು ಬೇರೆ. ಬಿಳಿ ಬೂಷ್ಟು ಕಂಡ ಕ್ಯಾಸೆಟ್ಟನ್ನು ಹಾಗೇ ವಿಸಿಆರ್‌ಗೆ ತುರುಕಬೇಡಿ. ಟೇಪೂ ಹೋಗುತ್ತದೆ, ಮಷೀನಿನ ಹೆಡ್ಡೂ ಹಾಳಾಗುತ್ತದೆ. ಮೊದಲು ಸ್ವಚ್ಛ ಮಾಡಿಸಿ, ಆಮೇಲೆ ಡಿಜಿಟಲ್ ಮಾಡಿಸಿ. ಪ್ರತಿಯನ್ನು ಒಂದು ಹಾರ್ಡ್ ಡಿಸ್ಕಿನಲ್ಲಿ, ಒಂದು ಕ್ಲೌಡಿನಲ್ಲಿ, ಇನ್ನೊಂದು ಬೇರೆ ಊರಿನ ನೆಂಟರ ಮನೆಯಲ್ಲಿ ಇಡಿ. ಹಾಗೇ, ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕ್ಯಾಸೆಟ್ ನೋಡುತ್ತಾ, ಪಂಕ್ತಿಯಲ್ಲಿ ಕೂತವರು ಯಾರ್ಯಾರು ಅಂತ ಕೇಳಿ ಬರೆದುಕೊಳ್ಳಿ: ಹೆಸರು, ಊರು, ಏನಾಗಬೇಕು, ಅಂದಾಜು ವರ್ಷ. ಫೋಟೋಗಳಾದರೆ ಹಿಂಭಾಗದಲ್ಲಿ ಮೆತ್ತನೆಯ ಪೆನ್ಸಿಲ್ಲಿನಲ್ಲಿ ಬರೆಯಿರಿ. ಬಾಲ್ ಪೆನ್ ಒತ್ತಿದ ಗೆರೆ ಮುಂದಿನ ಮುಖದ ಮೇಲೆ ಮೂಡುತ್ತದೆ.